ನೂರು ರೂಪಾಯಿಯ ಶಿಕ್ಷಣ ಭತ್ಯೆಯೂ ಹೊಸ ತೆರಿಗೆ ಕಾಯ್ದೆಯೂ

ಮಾನ್ಯ ಸಂಪಾದಕರೇ,

2025ರ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಗಡುವು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಅಲ್ಲಿಂದ ಮತ್ತೂ ಒಂದು ದಿನ ಮುಂದಕ್ಕೆ ಹೋಗಿ ಅಂತೂ ಮುಗಿಯಿತು. 1961ರ ಕಾಯ್ದೆಯ ಜಾಗಕ್ಕೆ ಬಂದಿರುವ 2025ರ ಆದಾಯ ತೆರಿಗೆ ಕಾಯ್ದೆಗೆ ಅದೇ ವರ್ಷದ ಆಗಸ್ಟ್ 21ರಂದು ರಾಷ್ಟ್ರಪತಿಯವರ ಅಂಕಿತ ಬಿದ್ದಿದ್ದು, ಅದರ ಜಾರಿ 2026ರ ಏಪ್ರಿಲ್ 1ರಿಂದ. ಎಂಟು ನೂರಕ್ಕೂ ಮೇಲ್ಪಟ್ಟಿದ್ದ ಕಲಂಗಳು 536ಕ್ಕೆ ಇಳಿದಿವೆ, ಭಾಷೆ ಸರಳವಾಗಿದೆ ಎಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಕಾಯ್ದೆಯ ಬೆನ್ನಿಗೇ ನಿಯಮಾವಳಿಯನ್ನೂ ಹೊಸದಾಗಿ ಬರೆಯಬೇಕಾಯಿತು. ಮಕ್ಕಳ ಓದಿನ ಖರ್ಚಿಗೆ ತೆರಿಗೆಯಲ್ಲಿ ಸಿಗುತ್ತದೆಂದು ಹೇಳಲಾಗುವ ರಿಯಾಯಿತಿಯ ನಿಜವಾದ ಅಳತೆ ಎಷ್ಟೆಂಬುದನ್ನು ಒಮ್ಮೆ ಓದುಗರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ತೆರಿಗೆ ಸಲಹೆಗಾರನಲ್ಲ. ಅನುದಾನಿತ ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿ 25 ವರ್ಷ ಕೆಲಸ ಮಾಡಿ 2023ರಲ್ಲಿ ನಿವೃತ್ತನಾದವನು. ಪ್ರತಿವರ್ಷ ಜನವರಿ ಬಂತೆಂದರೆ ನನ್ನ ಮೇಜಿನ ಮೇಲೆ ಎಲ್‌ಐಸಿ ರಸೀದಿ, ಗೃಹಸಾಲದ ಪತ್ರ, ಶಾಲೆಯ ಫೀ ರಸೀದಿಗಳ ರಾಶಿ ಬೀಳುತ್ತಿತ್ತು. ಅವನ್ನು ಬಿಡಿಸಿ, ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಸಹೋದ್ಯೋಗಿಗಳಿಗೆ ತಿಳಿಹೇಳಿ, ಫೆಬ್ರವರಿ ಸಂಬಳದಲ್ಲಿ ತೆರಿಗೆ ಮುರಿದು, ಕೊನೆಗೆ ಸಂಬಳ, ತೆರಿಗೆಗಳ ವಿವರವಿರುವ ಫಾರಂ 16 ಕೈಗಿಡುವುದು ನನ್ನ ಪಾಲಿನ ಕೆಲಸ. ಆ ತಿಂಗಳುಗಳಲ್ಲಿ ನನ್ನನ್ನು ಕಂಡರೆ ಅಧ್ಯಾಪಕರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದುದು ಬೇರೆ ಮಾತು.

ಮೊದಲು ಅತ್ಯಂತ ಚಿಕ್ಕ ಅಂಕಿಯನ್ನೇ ನೋಡೋಣ. ನೌಕರನಿಗೆ ಮಾಲೀಕರು ಮಕ್ಕಳ ಶಿಕ್ಷಣ ಭತ್ಯೆ ಎಂದು ಕೊಟ್ಟರೆ ಅದರಲ್ಲಿ ಮಗುವೊಂದಕ್ಕೆ ತಿಂಗಳಿಗೆ 100 ರೂಪಾಯಿಗೆ, ಹಾಸ್ಟೆಲ್ ಭತ್ಯೆ ಕೊಟ್ಟರೆ ತಿಂಗಳಿಗೆ 300 ರೂಪಾಯಿಗೆ, ಅದೂ ಇಬ್ಬರು ಮಕ್ಕಳಿಗೆ ಮಾತ್ರ, 1961ರ ಕಾಯ್ದೆಯಡಿ ತೆರಿಗೆ ವಿನಾಯಿತಿ ಇತ್ತು. ಇದು ಹಳೆಯ ಆದಾಯ ತೆರಿಗೆ ನಿಯಮಾವಳಿಯ 2ಬಿಬಿ ನಿಯಮ. ಇಬ್ಬರು ಮಕ್ಕಳ ಶಿಕ್ಷಣ ಭತ್ಯೆ ವರ್ಷಕ್ಕೆ 2,400 ರೂಪಾಯಿ. ಹಳೆಯ ಪದ್ಧತಿಯಲ್ಲಿ (ಇಂಥ ವಿನಾಯಿತಿಗಳನ್ನು ಕಳೆದು ತೆರಿಗೆ ಹಾಕುವ ಪದ್ಧತಿಯಲ್ಲಿ) ಶೇ 20ರ ಹಂತದಲ್ಲಿರುವವರಿಗೆ ಸೆಸ್ಸೂ ಸೇರಿದಂತೆ ಇದರಿಂದ ಉಳಿಯುತ್ತಿದ್ದ ತೆರಿಗೆ 499 ರೂಪಾಯಿ 20 ಪೈಸೆ. 2000ದ ಆಸುಪಾಸಿನಲ್ಲಿ ನಾನು ಫಾರಂ 16 ತುಂಬಲು ಕಲಿತಾಗ ಈ ಅಂಕಿ 100 ಇತ್ತು. ನಿವೃತ್ತಿಯ ದಿನ ಕೀಲಿಕೈ ಒಪ್ಪಿಸಿ ಬರುವಾಗಲೂ 100 ಇತ್ತು. 2025ರಲ್ಲೂ ಅಷ್ಟೇ ಇತ್ತು. ಈ ಅವಧಿಯಲ್ಲಿ ಸಂಸತ್ತಿನಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಬಜೆಟ್‌ಗಳು ಮಂಡನೆಯಾಗಿವೆ.

ಸರ್ಕಾರಕ್ಕೆ ಓದಿನ ಖರ್ಚು ಗೊತ್ತಿಲ್ಲವೆಂದು ಇದನ್ನು ಬಿಟ್ಟುಬಿಡುವಂತೆಯೂ ಇಲ್ಲ. ಏಳನೇ ವೇತನ ಆಯೋಗದ ನಂತರ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಮಗುವೊಂದಕ್ಕೆ ತಿಂಗಳಿಗೆ 2,250 ರೂಪಾಯಿ ಶಿಕ್ಷಣ ಭತ್ಯೆ ಕೊಡುತ್ತಿತ್ತು. ತುಟ್ಟಿಭತ್ಯೆ ಶೇ 50 ಮುಟ್ಟಿದಾಗ, 2024ರ ಜನವರಿಯಿಂದ, ಅದು 2,812 ರೂಪಾಯಿ 50 ಪೈಸೆಯಾಯಿತು. ಹಾಸ್ಟೆಲ್ ಸಹಾಯಧನ 8,437 ರೂಪಾಯಿ 50 ಪೈಸೆಗೆ ಏರಿತು. ಅಂದರೆ ಮಗುವೊಂದರ ಓದಿಗೆ ತಿಂಗಳಿಗೆ ಹತ್ತಿರ ಹತ್ತಿರ ಮೂರು ಸಾವಿರ ಬೇಕೆಂದು ಒಂದು ಕಚೇರಿ ಒಪ್ಪಿಕೊಂಡಿದೆ, ಅದೇ ಸರ್ಕಾರದ ಇನ್ನೊಂದು ಕಚೇರಿ ತೆರಿಗೆ ಲೆಕ್ಕಕ್ಕೆ ಬಂದಾಗ ನೂರು ರೂಪಾಯಿ ಸಾಕೆನ್ನುತ್ತಿತ್ತು. ತುಟ್ಟಿಭತ್ಯೆಯ ಜೊತೆ ಒಂದು ಅಂಕಿ ತಾನಾಗಿ ಏರುವಂತೆ ಮಾಡಲು ಬರುವುದಾದರೆ ಇನ್ನೊಂದನ್ನೂ ಹಾಗೆ ಮಾಡಲು ಅಡ್ಡಿಯೇನೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಇನ್ನು 1961ರ ಕಾಯ್ದೆಯ 80ಸಿ ಕಲಂ. ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆಯೆಂದು ಎಲ್ಲರಿಗೂ ಗೊತ್ತಿರುವುದು ಇದರಿಂದಲೇ. ಭಾರತದೊಳಗಿನ ಶಾಲೆ, ಕಾಲೇಜು, ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ಓದುತ್ತಿರುವ ಇಬ್ಬರು ಮಕ್ಕಳ ಬೋಧನಾ ಶುಲ್ಕ ಇದರಡಿ ಬರುತ್ತದೆ. ಶಿಶುವಿಹಾರದ ಫೀ ಕೂಡ ನಡೆಯುತ್ತದೆ. ಆದರೆ ಒಟ್ಟು ಮಿತಿ ಒಂದೂವರೆ ಲಕ್ಷ. 2014ರಲ್ಲಿ ಒಂದು ಲಕ್ಷದಿಂದ ಏರಿಸಿದ ಮೇಲೆ ಅದು ಅಲುಗಾಡಿಲ್ಲ. ಆ ಒಂದೂವರೆ ಲಕ್ಷದೊಳಗೆ ಭವಿಷ್ಯ ನಿಧಿ, ಜೀವವಿಮೆ, ಪಿಪಿಎಫ್, ಸುಕನ್ಯಾ ಸಮೃದ್ಧಿ, ಗೃಹಸಾಲದ ಅಸಲು ಎಲ್ಲವೂ ಒಂದೇ ಬಸ್ಸಿನಲ್ಲಿ ಸೀಟಿಗಾಗಿ ನೂಕಾಡುತ್ತವೆ. ನಮ್ಮ ಕಾಲೇಜಿನ ಅಧ್ಯಾಪಕರೊಬ್ಬರ ಲೆಕ್ಕ ನನಗೆ ಚೆನ್ನಾಗಿ ನೆನಪಿದೆ. ಭವಿಷ್ಯ ನಿಧಿಗೆ 96,000, ವಿಮೆಗೆ 36,000, ಗೃಹಸಾಲದ ಅಸಲಿಗೆ 70,000: ಇಷ್ಟರಲ್ಲೇ ಎರಡು ಲಕ್ಷ ದಾಟಿತ್ತು. ಅವರು ಇಬ್ಬರು ಮಕ್ಕಳ ರಸೀದಿಗಳನ್ನು ಪಿನ್ ಹಾಕಿ, ಮೇಲೊಂದು ಚೀಟಿ ಅಂಟಿಸಿ, ಪ್ರತಿವರ್ಷ ತಪ್ಪದೆ ತಂದು ಕೊಡುತ್ತಿದ್ದರು. ನಾನು ಪ್ರತಿವರ್ಷ ತಪ್ಪದೆ, ಇವುಗಳಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ ಸರ್ ಎಂದು ವಾಪಸು ಮಾಡುತ್ತಿದ್ದೆ. ಉಳಿತಾಯವನ್ನೂ ಖರ್ಚನ್ನೂ ಒಂದೇ ಕಲಮಿನಲ್ಲಿ ಕಟ್ಟಿದ್ದೇ ಇಲ್ಲಿನ ಮೂಲದೋಷವೆಂದು ನನ್ನ ಅಭಿಪ್ರಾಯ. ಪಿಪಿಎಫ್‌ಗೆ ಹಾಕಿದ ಹಣ ಬಡ್ಡಿ ಸಮೇತ ಮನೆಗೆ ಮರಳುತ್ತದೆ. ಶಾಲೆಗೆ ಕಟ್ಟಿದ ಫೀ ಮರಳುವುದಿಲ್ಲ.

ಮಿತಿಯೊಳಗೆ ಜಾಗವಿದ್ದವರಿಗಾದರೂ ಪೂರ್ತಿ ಸಿಗುತ್ತದೆಯೇ ಎಂದರೆ ಅದೂ ಇಲ್ಲ, ಏಕೆಂದರೆ ಕಾನೂನು ಒಪ್ಪುವುದು ಬೋಧನಾ ಶುಲ್ಕವನ್ನು ಮಾತ್ರ. ಅಭಿವೃದ್ಧಿ ಶುಲ್ಕ, ದೇಣಿಗೆ, ಆ ಜಾತಿಯ ಬೇರಾವುದೇ ಪಾವತಿ ಸಲ್ಲದೆಂದು ಕಲಂ ಬಾಯಿಬಿಟ್ಟು ಹೇಳುತ್ತದೆ. ನನ್ನ ಮೊಮ್ಮಗಳ ಶಾಲೆಯ ಈ ಸಾಲಿನ ರಸೀದಿ ನನ್ನ ಮುಂದಿದೆ. ಶಾಲೆಯ ಹೆಸರು ಇಲ್ಲಿ ಬೇಡ. ಬೋಧನಾ ಶುಲ್ಕ 18,000, ಅಭಿವೃದ್ಧಿ ಶುಲ್ಕ 22,000, ಸ್ಮಾರ್ಟ್ ಕ್ಲಾಸ್ 6,000, ಪುಸ್ತಕ ಮತ್ತು ಸಮವಸ್ತ್ರ 9,500, ವಾಹನ 14,000, ಒಟ್ಟು 69,500 ರೂಪಾಯಿ. ಇಷ್ಟರಲ್ಲಿ ತೆರಿಗೆ ಇಲಾಖೆಯ ಕಣ್ಣಿಗೆ ಬೀಳುವುದು 18,000 ಮಾತ್ರ. ಇದರ ಹೊರತಾಗಿ ಸೇರಿಸಿಕೊಳ್ಳುವಾಗ ನಗದಾಗಿ ಕೊಟ್ಟ ಹಣಕ್ಕೆ ರಸೀದಿಯೇ ಇಲ್ಲ. ವಂತಿಗೆ ವಸೂಲಿಯನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ರಾಜ್ಯ 1984ರಲ್ಲೇ ಮಾಡಿದೆ ಎಂಬುದನ್ನು ಇಲ್ಲಿ ನೆನಪಿಸಿದರೆ ಓದುಗರು ನಕ್ಕಾರು. ಅಭಿವೃದ್ಧಿ ಶುಲ್ಕವೆಂದು ಬರೆಯಬೇಕೋ ಬೋಧನಾ ಶುಲ್ಕವೆಂದು ಬರೆಯಬೇಕೋ ಎಂಬುದು ಆಡಳಿತ ಮಂಡಳಿಯ ಪೆನ್ನಿನಲ್ಲಿದೆ. ಅದರ ಫಲ ಮಾತ್ರ ತಂದೆತಾಯಿಯ ತೆರಿಗೆಯಲ್ಲಿ. ಕಾಲಂ ಸ್ವಲ್ಪ ಬದಲಿಸಿ ಬೇರೆ ರಸೀದಿ ಕೊಡಿ ಎಂದು ಶಾಲೆಯ ಕಚೇರಿಗೆ ಹೋಗಿ ಬೇಡಿಕೊಂಡ ಪೋಷಕರನ್ನು ನಾನು ಬಲ್ಲೆ. ಅಂಥದ್ದನ್ನು ಮಾಡಿಸಬಾರದು, ಆದರೆ ಅಲ್ಲಿಯವರೆಗೆ ಅವರನ್ನು ತಳ್ಳಿದವರು ಯಾರೆಂಬುದನ್ನೂ ನೋಡಬೇಕು.

ಕೋಚಿಂಗ್ ಖರ್ಚು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಪಿಯುಸಿ ಮಕ್ಕಳ ಮನೆಗಳಲ್ಲಿ ಕಾಲೇಜು ಫೀಗಿಂತ ಸಿಇಟಿ, ನೀಟ್ ತರಬೇತಿಯ ಫೀಯೇ ದೊಡ್ಡದಾಗಿರುವ ಕಾಲವಿದು. ಅದಕ್ಕೆ ಶೇ 18ರ ಜಿಎಸ್‌ಟಿ ಕಟ್ಟುತ್ತೇವೆ, ಆದಾಯ ತೆರಿಗೆಯಲ್ಲಿ ಅದು ಶಿಕ್ಷಣವೇ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ನೋಟ್‌ಬುಕ್ಕುಗಳ ಮೇಲಿನ ಜಿಎಸ್‌ಟಿ ತೆಗೆದದ್ದು ಒಳ್ಳೆಯದೇ ಆಯಿತು.

ಈ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಶಿಕ್ಷಣ ಸಾಲದ ಬಡ್ಡಿಯ ಬಗ್ಗೆ. 80ಇ ಕಲಂ (ಹೊಸ ಕಾಯ್ದೆಯಲ್ಲಿ ಇದು 129ನೇ ಕಲಂ) ಮೇಲುನೋಟಕ್ಕೆ ಉದಾರವಾಗಿದೆ. ಪಿಯುಸಿ ನಂತರದ ಯಾವುದೇ ಕೋರ್ಸಿಗೆ, ದೇಶದಲ್ಲಾಗಲಿ ಹೊರದೇಶದಲ್ಲಾಗಲಿ, ತನಗಾಗಿ, ಪತಿ ಅಥವಾ ಪತ್ನಿಗಾಗಿ, ಮಕ್ಕಳಿಗಾಗಿ ಬ್ಯಾಂಕಿನಿಂದ ತೆಗೆದ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಮೊತ್ತದ ಮಿತಿಯಿಲ್ಲದೆ ಆದಾಯದಿಂದ ಕಳೆಯಬಹುದು. ಅಸಲಿಗೆ ಏನೂ ಇಲ್ಲ. ಊರಿನ ಪತ್ತಿನ ಸಹಕಾರ ಸಂಘದಲ್ಲಿಯೋ ಭಾವಮೈದುನನ ಹತ್ತಿರವೋ ತೆಗೆದ ಸಾಲ ನಡೆಯುವುದಿಲ್ಲ. ಇವೆಲ್ಲ ಸರಿ. ತೊಡಕಿರುವುದು ಎಂಟು ವರ್ಷದ ಗಡಿಯಾರದಲ್ಲಿ. ಬಡ್ಡಿ ಕಟ್ಟಲು ಶುರುಮಾಡಿದ ವರ್ಷವೇ ಮೊದಲನೆಯ ವರ್ಷ; ಅದರ ಮುಂದೆ ಏಳು ವರ್ಷ; ಅಲ್ಲಿಗೆ ವಿನಾಯಿತಿ ಮುಗಿಯಿತು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆಮೇಲೆ 15 ವರ್ಷದವರೆಗೆ ತೀರಿಸಬಹುದು. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದವರಿಗೆ ಬಡ್ಡಿದರದಲ್ಲಿ ಶೇ 1ರ ಸೋಡಿಯೂ ಉಂಟು.

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದವರೊಬ್ಬರು 2016ರಲ್ಲಿ ಮಗಳ ಎಂಜಿನಿಯರಿಂಗ್‌ಗೆಂದು ತಮ್ಮ ಹೆಸರಿನಲ್ಲಿ ಸಾಲ ತೆಗೆದರು. ಸಾಲವೆಂದರೆ ನಿದ್ದೆ ಬಾರದ ಮನುಷ್ಯ. ಶೇ 1ರ ಆಸೆಯೂ ಸೇರಿ ಮೊದಲ ವರ್ಷದಿಂದಲೇ ತಿಂಗಳು ತಿಂಗಳು ಬಡ್ಡಿ ಕಟ್ಟಿದರು. ನಾಲ್ಕು ವರ್ಷ ಓದು, ಆಮೇಲೆ ಕಂತಿಗೆ ಒಂದು ವರ್ಷ ರಜೆ, ಒಟ್ಟು ಐದು ವರ್ಷ ಹೀಗೆ ಹೋಯಿತು. ಆ ಐದು ವರ್ಷಗಳಲ್ಲಿ ಅವರ ಆದಾಯ ಎಷ್ಟಿತ್ತೆಂದರೆ ಕಟ್ಟಬೇಕಾದ ತೆರಿಗೆ ಅತ್ಯಲ್ಪ, ಕೊನೆಯ ವರ್ಷಗಳಲ್ಲಿ ರಿಬೇಟಿನಿಂದಾಗಿ (ತೆರಿಗೆಯಲ್ಲೇ ಬಿಡುವ ಸೋಡಿಯಿಂದಾಗಿ) ಸೊನ್ನೆ. ವಿನಾಯಿತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಗಡಿಯಾರ ಓಡುತ್ತಲೇ ಇತ್ತು. ಪೂರ್ತಿ ಕಂತು ಶುರುವಾದಾಗ ಉಳಿದದ್ದು ಮೂರೇ ವರ್ಷ, 2023–24ಕ್ಕೆ ಅದೂ ತೀರಿತು. ಸಾಲ ಇನ್ನೂ ಇದೆ. ಮಗಳಿಗೆ ಕೆಲಸ ಸಿಕ್ಕಿ ಈಗ ಕಂತು ಕಟ್ಟುತ್ತಿರುವವಳು ಅವಳೇ. ಆದರೆ ಸಾಲ ತೆಗೆದವರು ಅಪ್ಪನಾದ್ದರಿಂದ ಅವಳಿಗೆ 80ಇ ಸಿಗುವುದಿಲ್ಲ. ಬಡ್ಡಿಯನ್ನೇ ಕಟ್ಟದೆ ಐದು ವರ್ಷ ಬೆಳೆಯಲು ಬಿಟ್ಟಿದ್ದರೆ, ಸಾಲಕ್ಕೆ ಮಗಳನ್ನೂ ಸೇರಿಸಿದ್ದರೆ, ಎಂಟು ವರ್ಷಗಳ ಪೂರ್ತಿ ಲಾಭ ಅವಳಿಗೆ ದಕ್ಕುತ್ತಿತ್ತು. ಇದನ್ನು ಸಾಲ ತೆಗೆಯುವ ದಿನವೇ ಅವರಿಗೆ ಹೇಳದೆ ಹೋದೆನಲ್ಲ ಎಂಬ ಕೊರಗು ನನಗಿದೆ. ಅಂದು ನನಗೂ ಅದು ಹೊಳೆದಿರಲಿಲ್ಲ.

2020ರಲ್ಲಿ ಐಚ್ಛಿಕವಾಗಿ ಬಂದು 2023–24ರಿಂದ ತಾನಾಗಿ ಅನ್ವಯವಾಗುತ್ತಿರುವ ಹೊಸ ತೆರಿಗೆ ಪದ್ಧತಿಯಲ್ಲಿ ಮೇಲೆ ಹೇಳಿದ ಯಾವುದೂ ಇಲ್ಲ: 100 ರೂಪಾಯಿಯೂ ಇಲ್ಲ, 80ಸಿಯೂ ಇಲ್ಲ, 80ಇಯೂ ಇಲ್ಲ. ಬೇಕಾದವರು ಹಳೆಯ ಪದ್ಧತಿಯನ್ನೇ ಆರಿಸಿಕೊಳ್ಳಬಹುದಲ್ಲ ಎನ್ನುತ್ತಾರೆ. ನನ್ನ ತಂಗಿಯ ಮಗಳ ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಾಳೆ, ಆದ್ದರಿಂದ ಬಾಡಿಗೆಯ ವಿನಾಯಿತಿ ಇಲ್ಲ. ವರ್ಷದ ಸಂಬಳ 16 ಲಕ್ಷ. ಸ್ನಾತಕೋತ್ತರ ಓದಿಗೆ ತೆಗೆದ 25 ಲಕ್ಷದ ಸಾಲಕ್ಕೆ 2025–26ರಲ್ಲಿ ಕಟ್ಟುವ ಬಡ್ಡಿ 2,60,000. ಹಳೆಯ ಪದ್ಧತಿಯಲ್ಲಿ 80ಸಿಯ ಒಂದೂವರೆ ಲಕ್ಷವನ್ನೂ ಪೂರ್ತಿ ಬಡ್ಡಿಯನ್ನೂ ಕಳೆದ ಮೇಲೆ ಅವಳ ತೆರಿಗೆ 1,60,680 ರೂಪಾಯಿ. ಹೊಸ ಪದ್ಧತಿಯಲ್ಲಿ ಬಡ್ಡಿಯ ಮಾತೇ ಎತ್ತದೆ 1,13,100. ಎರಡೂವರೆ ಲಕ್ಷಕ್ಕೂ ಹೆಚ್ಚು ಬಡ್ಡಿ ಕಟ್ಟುವವಳಿಗೂ 80ಇ ಬಿಟ್ಟುಕೊಡುವುದೇ ಲಾಭವಾದರೆ, ಆ ಕಲಂ ಪುಸ್ತಕದಲ್ಲಿದ್ದು ಮಾಡುವುದೇನು? ಅವಳ ಪಕ್ಕದ ಮೇಜಿನಲ್ಲಿ ಕೂರುವ, ಸಾಲವಿಲ್ಲದೆ ಓದಿ ಬಂದವನೂ ಕಟ್ಟುವುದು ಅದೇ 1,13,100.

ಹೊಸ ಪದ್ಧತಿ ಎಲ್ಲ ವಿನಾಯಿತಿಗಳನ್ನೂ ಒಂದೇ ಪೊರಕೆಯಲ್ಲಿ ಗುಡಿಸಿದೆ, ಶಿಕ್ಷಣಕ್ಕೆ ಮಾತ್ರ ಬಾಗಿಲು ತೆರೆದಿಡಲು ಬಾರದು ಎಂಬ ವಾದವೂ ನಿಲ್ಲುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಆ ಬಾಡಿಗೆಯ ಆದಾಯದಿಂದ ಹೊಸ ಪದ್ಧತಿಯಲ್ಲೂ ಕಳೆಯಬಹುದು. ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಗೆ ಮಾಲೀಕರು ಹಾಕುವ ವಂತಿಗೆಗೂ ಅಲ್ಲಿ ಜಾಗವಿದೆ. ಮನೆಯಿಂದ ಬಾಡಿಗೆ ಬರಬೇಕಾದರೆ ಸಾಲದ ಬಡ್ಡಿ ಖರ್ಚೆಂದು ಒಪ್ಪುವ ಕಾನೂನು, ಓದಿನಿಂದ ಸಂಬಳ ಬರಬೇಕಾದರೆ ಆ ಓದಿನ ಸಾಲದ ಬಡ್ಡಿಯನ್ನು ಯಾಕೆ ಖರ್ಚೆಂದು ಒಪ್ಪಬಾರದು? ನನ್ನ ಸೋದರ ಸೊಸೆಯ ಲೆಕ್ಕದಲ್ಲಿ ಇದನ್ನು ಒಪ್ಪಿದ್ದರೆ ತೆರಿಗೆ ಕನಿಷ್ಠ 39,000 ರೂಪಾಯಿ ಕಡಿಮೆಯಾಗುತ್ತಿತ್ತು.

ಸಂಬಳದಾರರಿಗೆ ಹೊಸ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದ 75 ಸಾವಿರದವರೆಗೆ ತೆರಿಗೆಯೇ ಇಲ್ಲವಲ್ಲ, ಇನ್ನೇನು ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ಉದ್ದವಾದೀತು. ಆ ರಿಯಾಯಿತಿ ನಿಜ, ಮಧ್ಯಮ ವರ್ಗದ ಬಹಳ ಮನೆಗಳಿಗೆ ಅದರಿಂದ ಉಸಿರು ಬಂದಿದೆ, ನಮ್ಮ ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಜನ ಈಗ ರಸೀದಿ ಹುಡುಕುವ ಕೆಲಸದಿಂದಲೇ ಪಾರಾಗಿದ್ದಾರೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಆದಾಯ ತೆರಿಗೆ ಕಟ್ಟುವವರೇ ಈ ದೇಶದಲ್ಲಿ ಕೆಲವರು, ಆದಾಯದಿಂದ ಕಳೆಯುವ ಕಡಿತವೆಂಬುದು ಹೆಚ್ಚು ತೆರಿಗೆ ಕಟ್ಟುವವನಿಗೆ ಹೆಚ್ಚು, ಕಡಿಮೆ ಕಟ್ಟುವವನಿಗೆ ಕಡಿಮೆ, ಕಟ್ಟದವನಿಗೆ ಸೊನ್ನೆ ಕೊಡುವಂಥದ್ದು, ಹಾಗೆ ಬಿಟ್ಟುಕೊಡುವ ಹಣವನ್ನು ಸರ್ಕಾರಿ ಶಾಲೆಗಳ ಗೋಡೆಗೆ, ಮೇಷ್ಟರ ನೇಮಕಾತಿಗೆ ಹಾಕುವುದು ಮೇಲಲ್ಲವೇ ಎಂಬುದು. ಈ ಮಾತಿನ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗಾಗಿಯೇ ಕಡಿತದ ಬದಲು ತೆರಿಗೆಯಲ್ಲೇ ನೇರವಾಗಿ ಸೋಡಿ ಬಿಡುವ ಪದ್ಧತಿ ವಾಸಿ ಎನ್ನುತ್ತೇನೆ.

ಅದು ನಮಗೆ ಹೊಸತೂ ಅಲ್ಲ. 2005ರಲ್ಲಿ 80ಸಿ ಬರುವ ಮೊದಲು 88ನೇ ಕಲಂ ಇತ್ತು, ಅದು ರಿಬೇಟ್ ಕಲಂ. 2003ರ ಬಜೆಟ್‌ನಲ್ಲಿ ಜಸ್ವಂತ್ ಸಿಂಗ್ ಅವರು ಮಗುವೊಂದಕ್ಕೆ 12,000 ರೂಪಾಯಿಯಂತೆ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು ಅದಕ್ಕೆ ಸೇರಿಸಿದರು. ಆದಾಯ ಒಂದೂವರೆ ಲಕ್ಷದೊಳಗಿದ್ದವರಿಗೆ ಶೇ 20, ಐದು ಲಕ್ಷದವರೆಗೆ ಶೇ 15, ಅದರಾಚೆಗೆ ಏನೂ ಇಲ್ಲ. ಕಡಿಮೆ ದುಡಿಯುವವನಿಗೆ ಹೆಚ್ಚು ಪಾಲು ಸಿಗುವಂತಿದ್ದ ಆ ಏರ್ಪಾಟನ್ನು ಎರಡೇ ವರ್ಷದಲ್ಲಿ ತೆಗೆದುಹಾಕಿದೆವು. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ತನ್ನ ಮಗಳು ಕಾಲೇಜು ಸೇರಿದ ಮೇಲೆ ಅಲ್ಲಿನ ಲೆಕ್ಕ ವಿವರಿಸಿದ: ಪದವಿಯ ಮೊದಲ ನಾಲ್ಕು ವರ್ಷ ವಿದ್ಯಾರ್ಥಿಯೊಬ್ಬರಿಗೆ ವರ್ಷಕ್ಕೆ 2,500 ಡಾಲರ್‌ವರೆಗೆ ನೇರವಾಗಿ ತೆರಿಗೆಯಲ್ಲೇ ಇಳಿಕೆ, ಕಟ್ಟಬೇಕಾದ ತೆರಿಗೆಯೇ ಇಲ್ಲದಿದ್ದರೆ ಅದರಲ್ಲಿ 1,000 ಡಾಲರ್‌ವರೆಗೆ ಕೈಗೆ ವಾಪಸು, ಆದಾಯ ಒಂದು ಹಂತ ದಾಟಿದವರಿಗೆ ಅದು ಕರಗುತ್ತಾ ಹೋಗುತ್ತದೆ. ಕಟ್ಟಿದ ಫೀಯ ಲೆಕ್ಕವನ್ನು ಕಾಲೇಜೇ ತೆರಿಗೆ ಇಲಾಖೆಗೆ ನಿಗದಿತ ನಮೂನೆಯಲ್ಲಿ ಕಳಿಸುತ್ತದೆ, ಅಪ್ಪಂದಿರು ರಸೀದಿಗೆ ಪಿನ್ ಹೊಡೆಯಬೇಕಿಲ್ಲ. ಅಲ್ಲಿನ ಫೀಗಳ ಭಾರ ಬೇರೆಯೇ ಕಥೆ, ಅದನ್ನು ನಾನು ಮಾದರಿಯೆಂದು ಹೇಳುತ್ತಿಲ್ಲ. ತೆರಿಗೆ ಕಟ್ಟದವನ ಮಗುವಿನ ಓದನ್ನೂ ತೆರಿಗೆ ಕಾನೂನಿನ ಮೂಲಕವೇ ತಲುಪಬಹುದು ಎಂಬುದಷ್ಟೇ ನನ್ನ ಮಾತು.

ಅಂಥ ದೊಡ್ಡ ಬದಲಾವಣೆಗೆ ಬಜೆಟ್ ಬೇಕು, ಸಂಸತ್ತು ಬೇಕು. 80ಇ ಕಲಮಿನ ಎಂಟು ವರ್ಷವನ್ನು ಓದು ಮುಗಿದ ಮರುವರ್ಷದಿಂದ ಎಣಿಸುವುದಕ್ಕೂ, ಅದನ್ನು ಹೊಸ ಪದ್ಧತಿಯೊಳಗೆ ತರುವುದಕ್ಕೂ, ಸಾಲ ಯಾರ ಹೆಸರಿನಲ್ಲಿದ್ದರೂ ತೀರಿಸುವ ಮಗ ಅಥವಾ ಮಗಳಿಗೆ ಅದರ ಲಾಭ ಕೊಡುವುದಕ್ಕೂ ಕಾಯ್ದೆಗೆ ತಿದ್ದುಪಡಿ ಆಗಬೇಕು, ಬಜೆಟ್‌ನಲ್ಲಿ ಅದನ್ನು ಮಾಡಬಹುದು. ಆದರೆ ನೂರು ರೂಪಾಯಿಯ ಅಂಕಿ ಇದ್ದದ್ದು ಕಾಯ್ದೆಯಲ್ಲಲ್ಲ, ನಿಯಮಾವಳಿಯಲ್ಲಿ. ಅದನ್ನು ಬದಲಿಸಲು ಒಂದು ಅಧಿಸೂಚನೆ ಸಾಕು, ಮತ್ತು ಹೊಸ ಕಾಯ್ದೆಗಾಗಿ ಆ ನಿಯಮಾವಳಿಯನ್ನು ಹೇಗೂ ಹೊಸದಾಗಿ ಬರೆಯಲೇಬೇಕಿತ್ತು. ಹಳೆಯ ಹಾಳೆಯಿಂದ ಹೊಸ ಹಾಳೆಗೆ 100 ಎಂಬುದನ್ನು ಹಾಗೇ ನಕಲು ಮಾಡುವ ಗುಮಾಸ್ತಿಕೆ ಎಷ್ಟು ಸುಲಭವೆಂದು 25 ವರ್ಷ ಅದನ್ನೇ ಮಾಡಿದ ನನಗೆ ಗೊತ್ತು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 2016ರಿಂದ ಕರ್ನಾಟಕವನ್ನೇ ರಾಜ್ಯಸಭೆಯಲ್ಲಿ ಪ್ರತಿನಿಧಿಸುತ್ತಿರುವುದರಿಂದ, ನಮ್ಮ ರಾಜ್ಯದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಈ ಕೋರಿಕೆ ಅವರ ಕಚೇರಿಗೆ ತಲುಪೀತೆಂಬ ನಂಬಿಕೆ ನನ್ನದು. ತಮ್ಮದೇ ಸರ್ಕಾರ ತನ್ನ ನೌಕರರಿಗೆ ಕೊಡುತ್ತಿರುವ 2,812 ರೂಪಾಯಿ 50 ಪೈಸೆಯನ್ನೇ ಆ ಜಾಗದಲ್ಲಿ ಬರೆಯಿಸಿ, ಮುಂದೆ ತುಟ್ಟಿಭತ್ಯೆಯ ಜೊತೆಗೇ ಅದೂ ಏರಲಿ ಎಂದು ಒಂದು ಸಾಲು ಸೇರಿಸಲಿ.

– ನಿವೃತ್ತ ಲೆಕ್ಕ ಅಧೀಕ್ಷಕ, ದಾವಣಗೆರೆ